ಕಾಕಾನ ಗಂಟಲು, ಅಪ್ಪನ ಅಂಗೈ

ಉಣ್ಣುವಾಗ ನೆತ್ತಿಗೇರಿ ಕೆಮ್ಮು ಹತ್ತಿದರೆ ನೀವು ಯಾರ ಹೆಸರು ಹೇಳುತ್ತೀರಿ? ನಿಜ ಹೇಳಿ. ಪಕ್ಕದಲ್ಲಿ ಕೂತ ಗಂಡನ ಹೆಸರು ಹೇಳಿ ಪಾರಾಗಬೇಡಿ, ಪಕ್ಕದಲ್ಲೇ ಕೂತವರು ನೆನೆಸುವುದೇನು ಬಂತು? ಬೆಂಗೇರಿಯ ನಮ್ಮ ಮನೆಯಲ್ಲಿ ಈ ಹೆಸರು ಹುಡುಕುವುದೇ ಒಂದು ದೊಡ್ಡ ಕಾರ್ಯಕ್ರಮವಾಗಿತ್ತು. ಯಾರಿಗಾದರೂ ಕೆಮ್ಮು ಬಂದ ಕೂಡಲೇ ಆಯಿ, ಅಂದರೆ ಅಪ್ಪನ ತಾಯಿ, ಎಡಗೈಯಿಂದ ಅವರ ನೆತ್ತಿ ತಟ್ಟುತ್ತಾ ತಲೆ ಎತ್ತಿ ಮಾಡಿನ ಜಂತಿ ನೋಡಲು ಹೇಳುತ್ತಿದ್ದಳು. ಕೆಮ್ಮುವವರು ಜಂತಿ ನೋಡಬೇಕು, ಉಳಿದವರು ಬಳಗದವರ ಹೆಸರನ್ನು ಒಂದೊಂದಾಗಿ ಹೇಳುತ್ತಾ ಹೋಗಬೇಕು. ಯಾವ ಹೆಸರಿಗೆ ಕೆಮ್ಮು ನಿಂತಿತೋ ಅವರು ನಮ್ಮನ್ನು ನೆನೆಸುತ್ತಿದ್ದಾರೆ ಎಂದು ತೀರ್ಮಾನ. ಗದಗಿನ ಅತ್ತೆಯ ಹೆಸರನ್ನು ನಾವು ಯಾವಾಗಲೂ ಮೊದಲು ಹೇಳುತ್ತಿದ್ದೆವು. ಮೊದಲ ಹೆಸರಿಗೇ ಯಾರ ಕೆಮ್ಮೂ ನಿಲ್ಲುವುದಿಲ್ಲವಲ್ಲ, ಹಾಗಾಗಿ ತವರನ್ನು ಎಂದೂ ನೆನೆಸದವಳು ಎಂಬ ಅಪವಾದ ಹೊತ್ತುಕೊಂಡೇ ಆ ಬಡಪಾಯಿ ಮುದುಕಿಯಾದಳು.

ಈ ಹೆಸರಾಟ ನನಗೆ ಬಲು ಪ್ರೀತಿ. ಯಾಕೆಂದರೆ ನಮ್ಮ ಮನೆಯ ಪಂಕ್ತಿಯಲ್ಲಿ ಬಾಯಿ ಬಿಡಲು ಇದ್ದ ಪರವಾನಗಿ ಅದೊಂದೇ. ಆಯಿ ದಿನವೂ ಮಿಂದು, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿದ ಮೇಲೆಯೇ ಒಲೆಯ ಮುಂದಿನ ಫರಸಿ ಕಲ್ಲಿನ ಮೇಲೆ ತಾಟುಗಳು ಬೀಳುತ್ತಿದ್ದವು. ತಾಟಿಗೆ ಬಿದ್ದದ್ದು ಅನ್ನವಲ್ಲ, ಪ್ರಸಾದ. ಪ್ರಸಾದದ ಎದುರು ಮಾತಾಡಬಾರದು, ಬೇರೆಯವರ ತಾಟಿನ ಕಡೆ ಕಣ್ಣು ಹಾಯಿಸಬಾರದು, ಒಂದು ಅಗುಳೂ ಬಿಡಬಾರದು, ಕೊನೆಗೆ ತಾಟು ತೊಳೆದ ನೀರನ್ನೂ ಕುಡಿಯಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಒಮ್ಮೆ ಬಾಯಿಗೆ ಇಟ್ಟದ್ದನ್ನು ಹೊರಗೆ ತೆಗೆಯಬಾರದು. ಬೇವಿನಷ್ಟು ಕಹಿ ಸೌತೆಕಾಯಿ ಬಾಯಿಗೆ ಬಂದರೂ ಕಣ್ಣು ಮುಚ್ಚಿ ನುಂಗಬೇಕು. ಆ ಮೌನದಲ್ಲಿ ಕೇಳಿಸುತ್ತಿದ್ದುದು ಅವ್ವ ರೊಟ್ಟಿ ಬಡಿಯುವ ಸದ್ದು, ಎಲ್ಲರ ಹಲ್ಲಿನ ಸದ್ದು ಅಷ್ಟೇ. ನನ್ನಂಥ ಬಾಯಿಬಡುಕಿಗೆ ಅದು ಜೈಲು. ಹಾಗಾಗಿ ನಾನು ಆಗಾಗ ಸುಳ್ಳೇ ಕೆಮ್ಮುತ್ತಿದ್ದೆ. ಒಂದು ದಿನ ಆಯಿ ನೆತ್ತಿ ತಟ್ಟುವ ಮೊದಲೇ ನಾನು ಜಂತಿ ನೋಡಿಬಿಟ್ಟೆ, ಸಿಕ್ಕಿಬಿದ್ದೆ. ಅಂದಿನಿಂದ ನನ್ನ ತಾಟು ಪಂಕ್ತಿಯಿಂದ ಹೊರಗೆ, ಎದುರುಗಡೆಯ ಗೋಡೆಗೆ ಹೋಯಿತು. ಅಲ್ಲಿ ಪಿಸುಗುಟ್ಟಲು ಪಕ್ಕದಲ್ಲಿ ಯಾರೂ ಇಲ್ಲ. ಆದರೆ ಎಲ್ಲರ ಮುಖ ಕಾಣುವ ಜಾಗ ಅದೊಂದೇ ಎಂಬುದು ಆಯಿಗೆ ಹೊಳೆಯಲಿಲ್ಲ.

ನನ್ನ ತಾಟು ಗೋಡೆಗೆ ಹೋದ ಆ ಚಳಿಗಾಲದಲ್ಲಿ ಮನೆಯಲ್ಲಿ ಇನ್ನೊಂದು ಮೌನವೂ ಬಂದು ಸೇರಿಕೊಂಡಿತ್ತು. ಅಪ್ಪನದು ಹುಬ್ಬಳ್ಳಿ ಪೇಟೆಯಲ್ಲಿ ಹತ್ತಿ ಅಂಗಡಿ. ಅಪ್ಪನ ತಮ್ಮ, ನನ್ನ ಕಾಕಾ, ಅಂಗಡಿಯಲ್ಲಿ ಕೂರಲೊಲ್ಲೆ, ಸಾಲೆಯಲ್ಲಿ ಡ್ರಿಲ್ ಮಾಸ್ತರ ಆಗುತ್ತೇನೆ ಎಂದುಬಿಟ್ಟಿದ್ದ. ಸೀಟಿ ಊದಿಕೊಂಡು ಮಕ್ಕಳನ್ನು ಓಡಿಸುವುದೂ ಒಂದು ಉದ್ಯೋಗವೇ ಎಂದು ಅಪ್ಪ ಕೇಳಿದ. ಹತ್ತಿಯ ಮೂಟೆಯ ಮೇಲೆ ಕೂತು ಸೀನುವುದು ಉದ್ಯೋಗವಾದರೆ ಇದೂ ಉದ್ಯೋಗವೇ ಎಂದು ಕಾಕಾ ಹೇಳಿದ. ಮಾತು ಅಲ್ಲಿಗೆ ನಿಂತಿತು. ತಿಂಗಳುಗಟ್ಟಲೆ ನಿಂತಿತು. ಒಂದೇ ಪಡಸಾಲೆಯಲ್ಲಿ ಓಡಾಡುವ ಇಬ್ಬರ ನಡುವೆ ಮಾತು ಹೊತ್ತು ಹಾಕುವ ಕೂಲಿ ಕೆಲಸ ನನಗೆ ಬಿತ್ತು.

“ನಿಮ್ಮ ಕಾಕಾಗ ಕೇಳು, ಸೈಕಲ್ಲು ಇವತ್ತರ ಸಿಗ್ತೈತೋ ಇಲ್ಲೋ ಅಂತ.”

“ನಿಮ್ಮಪ್ಪಗ ಹೇಳು, ಗಾಳಿ ಹಾಕ್ಸಿ ಬಾಗಲದಾಗ ನಿಲ್ಲಿಸೇನಿ, ಕಣ್ಣಿದ್ರ ಕಾಣ್ತೈತಿ ಅಂತ.”

ನಾನು ಬಾಲ ಕತ್ತರಿಸಿ ತಲುಪಿಸುತ್ತಿದ್ದೆ. “ಗಾಳಿ ಹಾಕ್ಸಿ ನಿಲ್ಲಿಸ್ಯಾನಂತರಿ ಅಪ್ಪಾ.” ಕೆಲವೊಮ್ಮೆ ನನ್ನದೇ ಒಂದಿಷ್ಟು ಬೆಲ್ಲ ಸೇರಿಸಿ, “ನಿಮಗಂತನ ಹಾಕ್ಸ್ಯಾನಂತ” ಎನ್ನುತ್ತಿದ್ದೆ. ಆಗ ಅಪ್ಪನ ಹುಬ್ಬು ಕೂದಲೆಳೆಯಷ್ಟು ಸಡಿಲಾಗುತ್ತಿತ್ತು. ಎರಡೂ ಕಡೆಯಿಂದ ನನಗೆ ಹಿಡಿ ಹಿಡಿ ಹುರಿದ ಶೇಂಗಾ ಸಿಗುತ್ತಿತ್ತು. ಜಗಳ ಮುಗಿಯಲಿ ಎಂದು ಆಯಿ ದೇವರಿಗೆ ಹರಕೆ ಹೊತ್ತಿದ್ದಳು. ನಾನಂತೂ ಹೊತ್ತಿರಲಿಲ್ಲ.

ಡ್ರಿಲ್ ಮಾಸ್ತರ ಆಗಬೇಕಾದರೆ ಕಾಕಾ ಒಂದು ಪ್ರಥಮ ಚಿಕಿತ್ಸೆಯ ತರಬೇತಿಯನ್ನೂ ಪಾಸಾಗಬೇಕಿತ್ತು. ಅದಕ್ಕೆ ಅವನಿಗೊಬ್ಬ ರೋಗಿ ಬೇಕು. ನಾನು ಸದಾ ತಯಾರು. ಹಿತ್ತಲಿನ ಕಟ್ಟೆಯ ಮೇಲೆ ನಾನು ಕಾಲು ಮುರಿದುಕೊಂಡೆ, ಕೆರೆಯಲ್ಲಿ ಮುಳುಗಿದೆ, ಬೆಂಕಿಯಲ್ಲಿ ಸುಟ್ಟುಕೊಂಡೆ. ಅಪ್ಪನ ಹಳೆಯ ಧೋತರ ಹರಿದು ಕಾಕಾ ನನ್ನನ್ನು ಹತ್ತಿಯ ಅಂಡಿಗೆಯಂತೆ ಬಿಗಿದು ಕಟ್ಟುತ್ತಿದ್ದ. ಆಯಿ ಹಾದುಹೋಗುವಾಗ ಗೊಣಗುತ್ತಿದ್ದಳು, “ಜೀಂವ ಇದ್ದ ಕೂಸಿನ್ನ ಹೆಣಾ ಮಾಡಿ ಆಡ್ಸಾಕತ್ತಾನ, ಕಲ್ತಾಂವ ಇಂವ.” ಒಂದು ದಿನ ಗಂಟಲಿಗೆ ಸಿಕ್ಕಿಕೊಳ್ಳುವ ಪಾಠ ಬಂತು. ನಾನು ನನಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆಯನ್ನೇ ತೋರಿಸಿದೆ, ಜೋರಾಗಿ ಕೆಮ್ಮಿದೆ. ಕಾಕಾ ಕೈಕಟ್ಟಿ ನಿಂತುಬಿಟ್ಟ.

“ಹೊಡೀಯಪಾ ಕಾಕಾ, ನಾ ಸಾಯಾಕತ್ತೇನಿ.”

“ಸಾಯೂದಿಲ್ಲ ನೀ. ಕೆಮ್ಮಾಕತ್ತಿದಿ ಅಂದ್ರ ಗಾಳಿ ಆಡಾಕತ್ತೈತಿ. ಕೆಮ್ಮೂದಕ್ಕಿಂತ ಛಲೋ ಔಷಧ ಇಲ್ಲ, ಕೆಮ್ಮಲಿ ಅಂತ ಬಿಡಬೇಕು. ದನಿ ನಿಂತ್ತು ಅಂದ್ರ ಆವಾಗ ಅಂಜಬೇಕು.”

ಆಮೇಲೆ ನನ್ನನ್ನು ಮುಂದಕ್ಕೆ ಬಗ್ಗಿಸಿ, ಎದೆಗೆ ಒಂದು ಕೈ ಆನಿಸಿ, ಎರಡು ರೆಕ್ಕೆಯ ಎಲುಬಿನ ನಡುವೆ ಅಂಗೈಯ ಬುಡದಿಂದ ಹೇಗೆ ಹೊಡೆಯಬೇಕೆಂದು ಮೆಲ್ಲಗೆ ಹೊಡೆದು ತೋರಿಸಿದ. ದನಿ ನಿಂತವಳಾಗಿ ಸುಮ್ಮನೆ ಕೂರುವುದು ನನಗೆ ಬಹಳ ಕಷ್ಟವಾಯಿತು. ಇದೆಂಥ ಬೇಸರದ ರೋಗ, ಬಾಯೇ ಬಿಡುವಂತಿಲ್ಲ ಎಂದುಕೊಂಡೆ.

ಅದು ನಡೆದದ್ದು ಒಂದು ಭಾನುವಾರದ ಮಧ್ಯಾಹ್ನ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು, ಸಾಲಾಗಿ ಇಟ್ಟ ಹಸಿ ಗಜ್ಜರಿ ಹೋಳು. ಆಯಿ, ಅವಳ ಪಕ್ಕ ಕಾಕಾ, ಆಮೇಲೆ ಅಪ್ಪ. ಅವ್ವ ಒಲೆಯ ಮುಂದೆ. ನಾನು ನನ್ನ ಗೋಡೆಗೆ. ಅಣ್ಣನ ಮಗ್ಗುಲಲ್ಲಿ ಕೂತು ಉಣ್ಣುವುದೆಂದರೆ ಕಾಕಾನಿಗೆ ಮುಳ್ಳಿನ ಮೇಲೆ ಕೂತಂತೆ. ಎದ್ದು ಹೋದರೆ ಸಾಕೆಂದು ಅರೆಬರೆ ಅಗಿದು ನುಂಗುತ್ತಿದ್ದ. ನಾನು ನೋಡುತ್ತಿದ್ದಂತೆಯೇ ಅವನ ಕೈ ತಾಟಿನ ಮೇಲೆ ನಿಂತಿತು. ದವಡೆ ನಿಂತಿತು. ಕಣ್ಣು ದೊಡ್ಡವಾದವು. ಬಾಯಿ ತೆರೆದ, ಏನೂ ಬರಲಿಲ್ಲ. ಒಂದು ಸಣ್ಣ ಕೆಮ್ಮಾದರೂ ಬಂದಿದ್ದರೆ ಆಯಿ ತಿರುಗುತ್ತಿದ್ದಳು, ಹೆಸರಾಟ ಶುರುವಾಗುತ್ತಿತ್ತು. ಅವನ ಸುತ್ತ ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು. ನಮ್ಮ ಮನೆಯ ಕಟ್ಟಳೆಯ ಪ್ರಕಾರ ಆ ಹೊತ್ತಿನಲ್ಲಿ ಅತ್ಯಂತ ಮರ್ಯಾದೆಯಿಂದ ಊಟ ಮಾಡುತ್ತಿದ್ದವನೆಂದರೆ ಕಾಕಾನೇ.

“ಆಯಿ, ಕಾಕಾನ ಗಂಟಲಾಗ ಸಿಕ್ಕೈತಿ!”

ಆಯಿ ನನ್ನನ್ನೇ ಗದರಿದಳು. “ಶುರು ಆತು ನೋಡು ಇಕೀದು. ಗ್ವಾಡಿಗೆ ಕುಂದರಿಸಿದ್ರೂ ಬುದ್ಧಿ ಬರಲಿಲ್ಲ.” ಆದರೂ ಕೈ ರೂಢಿಯಂತೆ ಮಗನ ನೆತ್ತಿಗೆ ಹೋಯಿತು. ತಟ್ಟುತ್ತಾ ನಕ್ಕಳು. ಹೋದ ವಾರವಷ್ಟೇ ಕಾಕಾನಿಗೆ ಹೆಣ್ಣು ನೋಡಲು ಸುಳ್ಳ ಎಂಬ ಊರಿಗೆ ಹೋಗಿಬಂದಿದ್ದಳು.

“ಮ್ಯಾಲೆ ನೋಡು, ಜಂತಿ ನೋಡು. ಸುಳ್ಳದ ಹುಡಿಗಿ ನೆನಸಾಕತ್ತಿರಬೇಕು.”

ಕಾಕಾ ಜಂತಿ ನೋಡಲಿಲ್ಲ. ಎರಡೂ ಕೈಯಿಂದ ಕೊರಳು ಹಿಡಿದುಕೊಂಡ. ಅವ್ವ ಹಿಟ್ಟಿನ ಕೈಯಲ್ಲೇ ನೀರಿನ ತಂಬಿಗೆ ತಂದು ಬಾಯಿಗೆ ಹಿಡಿದಳು, ನೀರು ಒಳಗೆ ಹೋಗದೆ ಕಟವಾಯಿಯಿಂದ ಎದೆಯ ಮೇಲೆ ಹರಿಯಿತು. ಅವನು ಬೆರಳು ಬಾಯಿಗೆ ಒಯ್ದ, ಆಯಿ ಆ ಕೈ ಹಿಡಿದುಬಿಟ್ಟಳು.

“ಪ್ರಸಾದ ಉಗಳಬಾರದಪಾ. ನುಂಗಿಬಿಡು, ಶಿವಾ ಅಂತ ನುಂಗಿಬಿಡು.”

ಇದೆಲ್ಲ ನಾಲ್ಕು ತುತ್ತು ಉಣ್ಣುವಷ್ಟು ಹೊತ್ತಿನಲ್ಲಿ ನಡೆದದ್ದು. ಇಡೀ ಮನೆಯಲ್ಲಿ ಏನು ಮಾಡಬೇಕೆಂದು ತಿಳಿದಿದ್ದವನು ಒಬ್ಬನೇ, ಅವನಿಗೆ ಬಾಯಿಲ್ಲ. ಕಾಕಾ ನನ್ನ ಕಡೆ ನೋಡಿದ. ತನ್ನ ಬೆನ್ನಿನ ಕಡೆ ಕೈ ತಿರುಗಿಸಿ ಹೊಡೆದುಕೊಳ್ಳಲು ನೋಡಿದ, ಕೈ ಎಟುಕಲಿಲ್ಲ. ಆಮೇಲೆ ಬೆರಳಿನಿಂದ ಅಪ್ಪನನ್ನು ತೋರಿಸಿದ. ಎಷ್ಟೋ ತಿಂಗಳಿಂದ ಅವನ ಸಂದೇಶ ಹೊತ್ತವಳಿಗೆ ಅಷ್ಟು ಸಾಕಿತ್ತು.

“ಅಪ್ಪಾ, ಬೆನ್ನಿಗೆ ಹೊಡೀರಿ ಅಂತಾನ ಕಾಕಾ!”

ಅಪ್ಪ ತಾಟಿನಿಂದ ತಲೆ ಎತ್ತಲಿಲ್ಲ. ತಮ್ಮನ ಕಡೆ ನೋಡಬಾರದೆಂಬ ಹಟ ಅವನ ಕೊರಳಿನಲ್ಲಿ ಕಂಬದಂತೆ ನಿಂತಿತ್ತು.

“ನಿಮ್ಮ ಕಾಕಾಗ ಹೇಳು, ನಾಟಕಾ ಮಾಡಬ್ಯಾಡ ಅಂತ.”

ಆ ಮಾತನ್ನು ನಾನು ತಲುಪಿಸಲಿಲ್ಲ. ತಾಟು ದಾಟಿ ಓಡಿಹೋಗಿ, ಅಪ್ಪನ ಗಲ್ಲ ಎರಡೂ ಕೈಯಲ್ಲಿ ಹಿಡಿದು, ತಮ್ಮನ ಕಡೆ ತಿರುಗಿಸಿದೆ.

“ದನಿ ಇಲ್ಲರೀ ಅವಂಗ! ಸಾಯಾಕತ್ತಾನ, ನೋಡ್ರಿ!”

ಅಪ್ಪ ನೋಡಿದ. ಕಾಕಾನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಪ್ಪನ ಕೈಯಿಂದ ರೊಟ್ಟಿ ಬಿತ್ತು. ಎದ್ದು, ಎಂಜಲು ಕೈಯಲ್ಲೇ ತಮ್ಮನ ಬೆನ್ನಿಗೆ ಒಂದು ಬಾರಿಸಿದ. ಆ ಸದ್ದಿಗೆ ಒಲೆಯ ಹಿಂದಿನ ಬೆಕ್ಕು ಹೊರಗೆ ಜಿಗಿಯಿತು. ಗಂಟಲಿನಿಂದ ಏನೂ ಜಿಗಿಯಲಿಲ್ಲ.

“ಹಂಗಲ್ಲರಿ! ಬಗ್ಗಸ್ರಿ, ತಲಿ ಕೆಳಗ ಮಾಡ್ರಿ, ರೆಕ್ಕಿ ಎಲುಬಿನ ನಡುವ!”

“ಏ, ಏ, ಏನೋ ಇದು?” ಆಯಿ ಅಪ್ಪನ ತೋಳಿಗೆ ಜೋತುಬಿದ್ದಳು. “ಇಷ್ಟ ದಿನ ಮಾತು ಬಿಟ್ಟಿದ್ದು ಸಾಲಲಿಲ್ಲೇನು, ಪ್ರಸಾದದ ಮುಂದ ತಮ್ಮಗ ಹೊಡೀತೀಯೇನು?”

ಅಪ್ಪ ತನ್ನ ತಾಯಿಯ ಕೈಯನ್ನು ಕೊಡವಿ ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎಡಗೈಯನ್ನು ಕಾಕಾನ ಎದೆಗೆ ಕೊಟ್ಟು, ಸೊಂಟದಿಂದ ಬಗ್ಗಿಸಿ ಮತ್ತೆ ಹೊಡೆದ. ಮತ್ತೆ ಹೊಡೆದ. ಅವ್ವನ ಕೈಯಿಂದ ತಂಬಿಗೆ ಬಿತ್ತು. ಇನ್ನೊಂದು ಏಟಿಗೆ ಕಾಕಾನ ಬಾಯಿಂದ ಕೆಂಪನೆಯ ಒಂದು ಗಜ್ಜರಿ ಹೋಳು ಹಾರಿ ಫರಸಿಯ ಮೇಲೆ ಉರುಳಿತು. ಹಿಂದೆಯೇ ಒಂದು ಸದ್ದು ಬಂತು, ಎಣ್ಣೆ ಕಾಣದ ಬಾವಿಯ ರಾಟೆ ಎಳೆದಂತೆ. ಉಸಿರು. ಆಮೇಲೆ ಕೆಮ್ಮು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮು. ಈ ಬಾರಿ ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಆ ಕೆಮ್ಮು ಎಲ್ಲಿ ನಿಂತುಬಿಡುತ್ತದೋ ಎಂದು ಎಲ್ಲರೂ ಉಸಿರು ಹಿಡಿದು ನಿಂತಿದ್ದೆವು.

ಅಪ್ಪ ಕೆಳಗೆ ಕೂತು ತಮ್ಮನನ್ನು ಎದೆಗೆ ಒರಗಿಸಿಕೊಂಡ. ನನ್ನ ಕೈಯಲ್ಲಿ ಹೇಳಿಕಳಿಸಲಿಲ್ಲ.

“ಉಸುರು ಆಡಾಕತ್ತೈತೇನೋ? ಏ, ಏನರ ಅನ್ನೋ. ಮಾತಾಡೋ.”

ಕಾಕಾ ಬಹಳ ಹೊತ್ತು ಉಸಿರೆಳೆದುಕೊಂಡ. ಆಮೇಲೆ ಸೋತ ದನಿಯಲ್ಲಿ ಅಂದ:

“ಅಂಗೈ ಬುಡದಿಂದ ಹೊಡೀಬೇಕು, ಅಣ್ಣಾ. ನೀ ಬೆರಳು ಮೂಡ್ಸಿ ಇಟ್ಟಿ.”

“ಹಂಗಾರ ಮತ್ತೊಮ್ಮೆ ಸಿಗಿಸ್ಕೋ, ತಿದ್ದಿ ಹೊಡೀತೇನಿ.”

ಆಯಿ ನೆಲದ ಮೇಲಿನ ಗಜ್ಜರಿ ಹೋಳನ್ನೇ ನೋಡುತ್ತಿದ್ದಳು. ಬಾಯಿಂದ ಹೊರಬಿದ್ದ ಪ್ರಸಾದ. ಅವಳ ಆಯುಷ್ಯದಲ್ಲಿ ಆ ಮನೆಯಲ್ಲಿ ಅಂಥದ್ದು ನಡೆದಿರಲಿಲ್ಲ. ಎತ್ತಿ ಅಂಗೈಯಲ್ಲಿ ಹಿಡಿದುಕೊಂಡಳು. ಆಮೇಲೆ ಹಿತ್ತಲ ಬಾಗಿಲಿಗೆ ಹೋಗಿ ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ದೂರ ಎಸೆದಳು. “ನನ್ನ ಮಗನ್ನ ಒಯ್ಯಾಕ ಬಂದದ್ದು ಎಂಥಾ ಪ್ರಸಾದ ಅದು” ಎಂದವಳು ಅಲ್ಲಿಯೇ ಹೊಸ್ತಿಲ ಮೇಲೆ ಕೂತು ಅತ್ತಳು. ಅಪ್ಪ ಅಂಗಡಿಯ ಗಾಡಿ ಹೂಡಿಸಿ, ಎದೆಯಲ್ಲೇನಾದರೂ ಉಳಿದಿದ್ದರೆ ಎಂದು ಕಾಕಾನನ್ನು ಡಾಕ್ಟರರ ಬಳಿ ಕರೆದುಕೊಂಡು ಹೋದ. ಏನೂ ಉಳಿದಿರಲಿಲ್ಲ. ಹೋಗುವಾಗ ಕೈಹಿಡಿದುಕೊಂಡು ಹೋದವರ ಜಗಳ ಬರುವಾಗ ಓಣಿಯ ಕೊನೆಯಿಂದಲೇ ಕೇಳಿಸುತ್ತಿತ್ತು. ಅಂಗಡಿ, ಸಾಲೆ, ಸೀಟಿ, ಹತ್ತಿ. ನೇರವಾಗಿ, ಬಾಯಿಂದ ಬಾಯಿಗೆ. ನನ್ನ ಶೇಂಗಾ ಅಂದಿಗೆ ಮುಗಿಯಿತು.

ಮೊನ್ನೆ ನಮ್ಮ ಓಣಿಯ ಹೆಂಗಸರಿಗೆ ಇದನ್ನೆಲ್ಲ ಕಲಿಸಲು ಒಬ್ಬ ನರ್ಸ್ ಹುಡುಗಿ ರಬ್ಬರಿನ ಗೊಂಬೆ ಹಿಡಿದು ಬಂದಿದ್ದಳು. ಅವಳ ಮಾತು ಕೇಳಿದ ಮೇಲೆಯೇ ನನ್ನ ನೆನಪುಗಳ ಈ ಅಧ್ಯಾಯ ಬರೆಯಬೇಕೆನ್ನಿಸಿದ್ದು. ಮೊಮ್ಮಗಳು ಫೋನಿನಲ್ಲಿ ಅಕ್ಷರ ಕುಟ್ಟುವುದನ್ನು ಈಗಷ್ಟೇ ಕಲಿಸಿದ್ದಾಳೆ, ಒತ್ತಕ್ಷರ ಬಂದಾಗಲೆಲ್ಲ ನನಗೇ ಉಸಿರು ಸಿಕ್ಕಿಕೊಳ್ಳುತ್ತದೆ.

“ಕೆಮ್ಮಾಕತ್ತಿದ್ರ ಕೆಮ್ಮಾಕ ಬಿಡ್ರಿ. ಕೆಮ್ಮೂ ಬರವಲ್ದು, ಮಾತೂ ಬರವಲ್ದು ಅಂದ್ರ ಕಾಯಬ್ಯಾಡ್ರಿ” ಎಂದಳು ಆ ಹುಡುಗಿ. “ಒಬ್ರು 108ಕ್ಕ ಫೋನ್ ಹಚ್ರಿ. ಇನ್ನೊಬ್ರು ಮುಂದ ಬಗ್ಗಿಸಿ ಬೆನ್ನಿಗೆ ಐದು ಏಟು ಹಾಕ್ರಿ. ಬರಲಿಲ್ಲಂದ್ರ ಹಿಂದ ನಿಂತು, ಹೊಕ್ಕಳಕ್ಕಿಂತ ತುಸು ಮ್ಯಾಲೆ ಮುಷ್ಟಿ ಇಟ್ಟು, ಒಳಗ ಮತ್ತ ಮ್ಯಾಲಕ್ಕ ಐದು ಸಲ ಜಗ್ರಿ. ಬರೂತನಕ ಬೆನ್ನು, ಹೊಟ್ಟಿ, ಬೆನ್ನು, ಹೊಟ್ಟಿ. ಬಸುರಿಗೆ, ಎಳಿ ಕೂಸಿಗೆ ಹೊಟ್ಟಿ ಒತ್ತಂಗಿಲ್ಲ, ಎದಿ ಒತ್ತಬೇಕು. ಎಚ್ಚರ ತಪ್ಪಿ ಬಿದ್ರ ನೆಲಕ್ಕ ಅಂಗಾತ ಮಲಗ್ಸಿ ಎದಿ ಒತ್ತಾಕ ಹತ್ರಿ.”

“ನೀರು ಕುಡಸೂದು?” ಎಂದು ಕೇಳಿದೆ.

“ಬ್ಯಾಡ್ರಿ ಅಜ್ಜಿ. ಗಂಟಲಾಗ ಕಾಣದ್ದಕ್ಕ ಬೆರಳೂ ಹಾಕಬ್ಯಾಡ್ರಿ, ಇನ್ನೂ ಒಳಗ ಹೋಗ್ತೈತಿ.”

“ನೆತ್ತಿ ತಟ್ಟೂದು?”

“ಅದೂ ಬ್ಯಾಡ್ರಿ.”

“ಗದಗಿನ ಅತ್ತಿ?”

ಹುಡುಗಿ ಗೊಂಬೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಗೊಂಬೆಗೇ ಹೆಚ್ಚು ಬುದ್ಧಿ ಇದೆ ಎಂದುಕೊಂಡಿರಬೇಕು. ಹೊಟ್ಟೆ ಜಗ್ಗುವ ವಿದ್ಯೆ ನಮ್ಮ ಕಾಕಾನ ಪಾಠದಲ್ಲಿ ಇರಲಿಲ್ಲ. ಅಂದು ಬೆನ್ನಿನ ಏಟಿಗೆ ಆ ಹೋಳು ಹೊರಬರದಿದ್ದರೆ? ಸುಳ್ಳದ ಹುಡುಗಿ ಕಾಕಾನ ಹೆಂಡತಿಯಾಗಿ ನನಗೆ ಕಾಕು ಆಗುತ್ತಿರಲಿಲ್ಲ, ಸೀಟಿ ಊದಿ ಊದಿ ಅರ್ಧ ಬೆಂಗೇರಿಯನ್ನು ಓಡಿಸಿದ ಮಾಸ್ತರ ಇರುತ್ತಿರಲಿಲ್ಲ, ಅಪ್ಪ ಆ ಕೊರಳನ್ನು ಸೆಟೆಸಿಕೊಂಡೇ ಉಳಿದ ಆಯುಷ್ಯ ಕಳೆಯುತ್ತಿದ್ದನೇನೋ. ಮಾತಿಲ್ಲದ ಜಾಗದಲ್ಲಿ ನನಗೆ ಇಂದಿಗೂ ಕೂರಲಾಗುವುದಿಲ್ಲ. ಮನೆಯಲ್ಲಿ ಯಾರಾದರೂ ಊಟದ ನಡುವೆ ಸುಮ್ಮನಾದರೆ, ಬೇಕೆಂದೇ ಕೆಣಕಿ ಬೈಸಿಕೊಳ್ಳುತ್ತೇನೆ. ಬೈದರು ಅಂದರೆ ಉಸಿರಾಡುತ್ತಿದ್ದಾರೆ.

ಆ ಭಾನುವಾರದ ಸಂಜೆ ಕಾಕಾ ಪಡಸಾಲೆಯಲ್ಲಿ ಬೋರಲು ಮಲಗಿದ್ದ. ಅವ್ವ ಅವನ ಬೆನ್ನಿಗೆ ಅರಿಶಿನದ ಎಣ್ಣೆ ಹಚ್ಚುತ್ತಾ, ಮೂಡಿದ ಬೆರಳುಗಳ ಗುರುತು ನೋಡಿ ನಾಲಿಗೆ ಲೊಚಗುಟ್ಟುತ್ತಿದ್ದಳು. ಅದೇ ಎಣ್ಣೆಯಲ್ಲಿ ಸ್ವಲ್ಪ ತೆಗೆದುಕೊಂಡು ನಾನು ತೂಗುಮಣೆಯ ಮೇಲೆ ಕೂತಿದ್ದ ಅಪ್ಪನ ಬಲಗೈ ತಿಕ್ಕುತ್ತಿದ್ದೆ. ಅಂಗೈ ಕೆಂಪಗೆ ಊದಿಕೊಂಡಿತ್ತು. ಕಾಕಾನಿಗೆ ನಿದ್ದೆ ಹತ್ತಿದೆ ಎಂದುಕೊಂಡು ನಾನು ಮೆಲ್ಲಗೆ ಕೆಣಕಿದೆ.

“ಖರೇ ಹೇಳ್ರಿ ಅಪ್ಪಾ. ಅಷ್ಟು ಜೋರ್ ಹೊಡದ್ರಲ್ಲಾ, ಅದರಾಗ ಗಜ್ಜರಿ ಪಾಲು ಎಷ್ಟು, ಅಂಗಡಿ ಸಿಟ್ಟಿನ ಪಾಲು ಎಷ್ಟು?”

ಅಪ್ಪ, ಮಲಗಿದ್ದ ತಮ್ಮನ ಬೆನ್ನು ಏರಿ ಇಳಿಯುವುದನ್ನೇ ನೋಡುತ್ತಿದ್ದ. ನನ್ನ ಕಡೆ ತಿರುಗಲಿಲ್ಲ.

“ಸಿಟ್ಟು ಮೊದಲನೇ ಏಟಿಗೇ ತೀರಿತವಾ. ಆಮ್ಯಾಲಿನವೆಲ್ಲಾ ಅಂಜಿ ಹೊಡದವು.”